ಮೊದಲು ಸಿಲಿಂಡರ್

ಮೊದಲು ಗ್ಯಾಸ್ ಸಿಲಿಂಡರ್ ಹೊರಗೆ ಬಂತು. ಟೆಂಪೊ ಚಿಕ್ಕಸ್ವಾಮಿ ಅದನ್ನು ತಾನೇ ಹೊತ್ತು ತಂದು ರಸ್ತೆಯ ಮೇಲಿಟ್ಟ. ಒಲೆ ಆರಿದ ಮನೆಯಲ್ಲಿ ಯಾರೂ ಹೆಚ್ಚು ಹೊತ್ತು ಹಟ ಹಿಡಿಯುವುದಿಲ್ಲ. ಈ ಉಪಾಯ ಹೇಳಿಕೊಟ್ಟವನು ಮನೆಯ ಒಡೆಯ ರಘುನಂದನ್.

"ಪಾಂಡವಪುರದ ಮನೇಲಿ ಯಾರೋ ಸೇರ್ಕೊಂಡ್ಬುಟ್ಟವ್ರೆ ಕಣ್ಲಾ. ಕರಾರಿಲ್ಲ, ಕಾಗದ ಇಲ್ಲ. ಗಂಡ ಇಲ್ದಾಗ ಓಗಿ ಖಾಲಿ ಮಾಡ್ಸು," ಎಂದಿದ್ದ ಬೆಳಿಗ್ಗೆ. ಹಾಗೆಯೇ ಚಿಕ್ಕಸ್ವಾಮಿಯ ಹೆಂಡತಿ ಅಕ್ಷಿತಾ, ಮಗಳು ಭೂಮಿಕ ಇಬ್ಬರನ್ನೂ ವಿಚಾರಿಸಿಕೊಂಡಿದ್ದ. "ಇವತ್ತು ಮನೇಲೇ ಇರ್ತಾರಾ?"

ಇಷ್ಟು ಅಕ್ಕರೆಯ ಒಡೆಯ ಯಾರಿಗೆ ಸಿಕ್ಕಾನು? ಗಂಜಾಂನಲ್ಲಿ ಚಿಕ್ಕಸ್ವಾಮಿಗೆ ಬಾಡಿಗೆ ಮನೆ ಕೊಟ್ಟವನೂ ಅವನೇ. ಬಂದಾಗಲೆಲ್ಲ ನೆಲದ ಮೇಲೆ ಕೂತು ಮುದ್ದೆ ಉಂಡು ಹೋಗುವವನು. ಅಂಥವನಿಗೆ ಎರಡು ಬಗೆದವರನ್ನು ಹೊರಹಾಕಲು ಚಿಕ್ಕಸ್ವಾಮಿಗೆ ಕೂಲಿಯೇ ಬೇಕಿರಲಿಲ್ಲ.

"ಅಣ್ಣ, ನಾವು ಬಾಡಿಗೆ ತಪ್ಪಿಸಿಲ್ಲ," ಎಂದಳು ಮನೆಯೊಳಗಿದ್ದ ಪ್ರಮೀಳಾ. "ಬೇಕಾರೆ ರಘಣ್ಣನ್ನೇ ಕೇಳಿ."

"ಕರಾರು ತೋರ್ಸಮ್ಮ."

"ನಮ್ನಮ್ಮಲ್ಲಿ ಕಾಗದ ಯಾಕೆ, ಬಾಯ್ಮಾತು ಸಾಕು ಅಂತ ಅವ್ರೇ ಅಂದಿದ್ರು."

ಚಿಕ್ಕಸ್ವಾಮಿಗೆ ಮೈಯೆಲ್ಲ ಉರಿಯಿತು. ಆ ಮಾತನ್ನು ರಘುನಂದನ್ ಹೇಳಿದ್ದು ತನಗೆ! ಒಡಹುಟ್ಟಿದವನಂತೆ ಕಂಡವನಿಗೆ ಹೇಳುವ ಮಾತದು. ಸುಳ್ಳಿಗೂ ಒಂದು ಮಿತಿ ಬೇಡವೇ?

"ನಿನ್ ಗಂಡ ಎಲ್ಲಿ?"

"ಲೋಡ್ ಐತೆ ಅಂತ ಬೆಳಗ್ಗೇನೇ ಗಾಡಿ ತಕ್ಕೊಂಡು ಓದ್ರು. ಆವಾಗಿಂದ ಮಾಡ್ತಾ ಇವ್ನಿ, ಫೋನ್ ಎತ್ತುತಾ ಇಲ್ಲ."

ಆಗಲೇ ಚಿಕ್ಕಸ್ವಾಮಿಯ ಫೋನು ಬಡಿದುಕೊಂಡಿತು. ಅಕ್ಷಿತಾ. ಸೊಪ್ಪು ತಾ ಅನ್ನುವುದಕ್ಕಿರಬೇಕು. ಸಾಮಾನು ಹೊರಲು ಕರೆತಂದ ಆಳುಗಳ ಮುಂದೆ ಹೆಂಡತಿಯ ಹತ್ತಿರ ಸೊಪ್ಪಿನ ಮಾತಾಡಿದರೆ ಮರ್ಯಾದೆ ಉಳಿದೀತೆ? ಕಟ್ ಮಾಡಿದ. ಮತ್ತೆ ಬಂತು. ಸದ್ದಡಗಿಸಿ ಜೇಬಿಗೆ ಹಾಕಿಕೊಂಡ.

ಮಂಚ, ಬೀರು, ಪಾತ್ರೆಗಳೆಲ್ಲ ಟೆಂಪೊ ಏರಿದವು. ಪ್ರಮೀಳಾಳ ಪುಟ್ಟ ಮಗಳು ಗಾಡಿಯ ಮುಂದೆ ನಿಂತು ಗಾಜಿನ ಮೇಲಿನ ಅಕ್ಷರ ಕೂಡಿಸಿ ಓದುತ್ತಿದ್ದಳು.

"ಭೂ... ಮಿ... ಕ. ನಿಮ್ ಮಗಳಾ? ನಮ್ಮಪ್ಪನೂವೆ ಗಾಡಿ ಮ್ಯಾಲೆ ನನ್ನೆಸ್ರು ಬರ್ಸವ್ನೆ. ಕೆಂಪು ಬಣ್ಣ."

"ಕೀರ್ತನ, ಈಚೆ ಬಾ," ಎಂದಳು ತಾಯಿ. "ಅವರ ಜೊತೆ ನಮಗೇನು ಮಾತು?"

ರಘುನಂದನ್ ಹೇಳಿದ್ದಂತೆ ಚಿಕ್ಕಸ್ವಾಮಿ ಬಾಗಿಲಿಗೆ ಹೊಸ ಬೀಗ ಜಡಿದು, ಸಾಮಾನನ್ನೆಲ್ಲ ಊರಾಚೆಯ ಅರಳಿಕಟ್ಟೆಯ ಹತ್ತಿರ ಇಳಿಸಿದ. ಪ್ರಮೀಳಾ ಅಳಲಿಲ್ಲ.

"ಬುಡಿ ಅಂದಿದ್ರೆ ನಾವೇ ಬುಡ್ತಿದ್ವಿ. ನಮ್ಮನೇಲಿ ಉಂಡವ್ರು ಇಂಗೆ ಮಾಡ್ಬುಟ್ರಲ್ಲಾ ಅಂತ ಒಟ್ಟೆ ಉರೀತದೆ ಅಣ್ಣ."

ಚಿಕ್ಕಸ್ವಾಮಿ ಗಾಡಿ ಹತ್ತಿ ಜೇಬಿನಿಂದ ಮೊಬೈಲು ತೆಗೆಯುತ್ತಿದ್ದಾಗ ರಘುನಂದನ್‌ನ ಫೋನು ಬಂತು. ಅದನ್ನು ಕೂಡಲೇ ಎತ್ತಿದ.

"ಆಯ್ತೇನ್ಲಾ?"

"ಆಯ್ತಣ್ಣ."

"ಭೇಷ್! ಈಗ್ಲೇ ಮನೆಗೋಗಿ ಏನ್ಮಾಡ್ತೀಯ? ಕೆ.ಆರ್.ಎಸ್. ಕಡೆ ಓಗಿ ಒಳ್ಳೆ ಮೀನೂಟ ಮಾಡ್ಕೊಂಡು ನಿಧಾನಕ್ಕೆ ಬಾ. ದುಡ್ಡು ನಾ ಕೊಡ್ತೀನಿ."

ಎಂಥ ಮನುಷ್ಯ! ಆದರೂ ಚಿಕ್ಕಸ್ವಾಮಿಗೆ ಊಟ ಸೇರುವಂತಿರಲಿಲ್ಲ. ಅಕ್ಷರ ಕೂಡಿಸುತ್ತಿದ್ದ ಆ ಹುಡುಗಿಯ ಮುಖ ಕಣ್ಣಿಂದ ಹೋಗಲೊಲ್ಲದು. ಒಮ್ಮೆ ಭೂಮಿಕಳನ್ನು ಎತ್ತಿಕೊಂಡರೆ ಸರಿಹೋದೀತು ಎನ್ನಿಸಿ, ಗಾಡಿಯನ್ನು ನೇರ ಗಂಜಾಂ ಕಡೆಗೆ ತಿರುಗಿಸಿದ.

ತನ್ನ ಬೀದಿಗೆ ಹೊರಳುತ್ತಲೇ ರಸ್ತೆಯ ಮೇಲೆ ಒಂದು ಸಿಲಿಂಡರ್ ಕಂಡಿತು. ಗ್ಯಾಸಿನವನು ಬಂದಿರಬೇಕು, ಅದಕ್ಕೇ ಅಕ್ಷಿತಾ ಅಷ್ಟೊಂದು ಫೋನು ಮಾಡಿದ್ದು ಎಂದುಕೊಂಡ.

ಆಮೇಲೆ ಅಕ್ಷಿತಾ ಕಂಡಳು. ಭೂಮಿಕಳನ್ನು ಅವುಚಿಕೊಂಡು ಬೀದಿಯಲ್ಲಿ ನಿಂತಿದ್ದಳು. ಅವರ ಮನೆಯ ಮಂಚ ಇನ್ನೊಂದು ಟೆಂಪೊ ಏರುತ್ತಿತ್ತು. ಕೈಯಲ್ಲಿ ಹೊಸ ಬೀಗ ಹಿಡಿದ ಅದರ ಡ್ರೈವರ್ ಅವಳಿಗೆ ಹೇಳುತ್ತಿದ್ದ: "ಕರಾರಿದ್ರೆ ತೋರ್ಸಮ್ಮ. ರಘಣ್ಣ ನಮ್ಗೆ ಒಡಹುಟ್ಟಿದವ್ರ ಅಂಗೆ. ಅವ್ರು ಸುಳ್ಳು ಯೋಳಾಕಿಲ್ಲ."

ಆ ಟೆಂಪೊದ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಕೀರ್ತನ.