ಹೊರಗಿನವರು ಏನಂತಾರೆ

ಗಂಡನ ಜೇಬಿನಲ್ಲಿ ಸಿಕ್ಕಿದ್ದು ಪರದೇಶದ ಚಾಕೊಲೇಟು. ಫುಸಾಕೊ ಅದನ್ನು ಇಕ್ಕಳದಲ್ಲಿ ಹಿಡಿದು ಕಸದ ಚೀಲಕ್ಕೆ ಹಾಕಿದಳು.

ಟೊಕುಜಿ ಟೋಕಿಯೊದ ಒಂದು ಹೋಟೆಲಿನ ಕಾವಲುಗಾರ. ಕೊರೊನಾ ನಡುವೆಯೇ ಒಲಿಂಪಿಕ್ಸ್. ವರದಿಗೆ ಬಂದ ವಿದೇಶಿ ಪತ್ರಕರ್ತರೆಲ್ಲ ಅಲ್ಲೇ ಇಳಿದಿದ್ದರು. ಕ್ರೀಡಾಂಗಣ ಬಿಟ್ಟರೆ ಹೋಟೆಲು, ಊರೊಳಗೆ ಕಾಲಿಡುವಂತಿಲ್ಲ. ಅವರನ್ನು ಬಾಗಿಲಲ್ಲೇ ತಡೆಯುವುದು ಟೊಕುಜಿಯ ಕೆಲಸ. ಈಚೆಗೆ ಆತ ಹೊರಡುವ ಮುನ್ನ ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಿದ್ದ. ಬಾಚಲು ಅಂಥದ್ದೇನೂ ಉಳಿದಿರಲಿಲ್ಲ.

"ರೀ, ಅವರ ಹತ್ರ ಹೋಗ್ತೀರಾ ನೀವು?"

"ದೂರ ನಿಂತೇ ಮಾತಾಡೋದು ಕಣೆ."

ಟೋಕಿಯೊ ಪಕ್ಕದ ಚೀಬಾದಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಕೂಸು ಆಗಲೇ ಬೋರಲು ಬೀಳುತ್ತಿತ್ತು. ಅಜ್ಜಿ ಇನ್ನೂ ಮುಖ ನೋಡಿರಲಿಲ್ಲ. ಮಗಳು ಕರೆದು ಕರೆದು ಸೋತಿದ್ದಳು.

"ಹೋಗಿ ಬರೋಣ. ರೈಲೆಲ್ಲ ಖಾಲಿ," ಎಂದ ಟೊಕುಜಿ.

"ನೀವೊಬ್ರು ಹೇಳಿದ್ರೆ ಆಯ್ತಾ? ಹೊರಗಿನೋರು ಏನಂತಾರೆ ನೋಡಿ."

ಟಿವಿ ಹಾಕಿದಳು. ಜಗತ್ತು ನಮ್ಮ ಬಗ್ಗೆ ಏನೆನ್ನುತ್ತದೆಂದು ತಿಳಿಯದೆ ಅನ್ನ ಇಳಿಯದ ಜನ ನಾವು ಜಪಾನಿನವರು. ಅದಕ್ಕೆಂದೇ ಸಂಜೆ ಒಂದು ಕಾರ್ಯಕ್ರಮವಿದೆ. ಲಂಡನ್ನಿನಿಂದ ಪ್ಯಾರಿಸ್ಸಿನವರೆಗೆ ಎಲ್ಲ ಪತ್ರಿಕೆಗಳದೂ ಒಂದೇ ರಾಗ: ಟೋಕಿಯೊ ನಡುಗುತ್ತಿದೆ, ಪಕ್ಕದ ಮನೆಯಲ್ಲಿ ಕೆಮ್ಮಿದರೆ ಜನ ಕಿಟಕಿ ಮುಚ್ಚುತ್ತಾರೆ.

"ನೋಡಿದ್ರಾ, ನಾನೊಬ್ಳೇ ಅಲ್ಲ. ಇಡೀ ಊರೇ ಕಿಟಕಿ ಮುಚ್ಕೊಂಡಿದೆ."

ಟೊಕುಜಿ ತಲೆ ತಗ್ಗಿಸಿ ಸೂಪು ಕುಡಿದ.

ಆದರೆ ಚಾಕೊಲೇಟಿನ ಅನುಮಾನ ಅವಳನ್ನು ಬಿಡಲಿಲ್ಲ. ಈ ಮನುಷ್ಯ ಅವರ ಜೊತೆ ಕೂತು ತಿಂದು, ರೋಗ ಮನೆಗೆ ತರುತ್ತಿದ್ದಾನೆ. ಮರುದಿನ ಒಂದರ ಮೇಲೊಂದು ಮಾಸ್ಕು ಹಾಕಿಕೊಂಡು, ಸಾಕ್ಷಿ ಸಮೇತ ಹಿಡಿಯಲು ಹೋಟೆಲಿಗೇ ಹೋದಳು.

ಗಾಜಿನ ಬಾಗಿಲ ಬಳಿ ಪತ್ರಕರ್ತರ ಸಾಲು. ಒಂದು ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಮೈಕು, ಇನ್ನೊಂದರಲ್ಲಿ ಚಾಕೊಲೇಟು. ಸಾಲಿನ ತುದಿಯಲ್ಲಿ, ಅವರ ಕೈಗೆ ಸಿಗುವ ಏಕೈಕ ಟೋಕಿಯೊ ನಾಗರಿಕ, ನೀಟಾಗಿ ತಲೆ ಬಾಚಿಕೊಂಡು ನಿಂತಿದ್ದ.

"ಭಯ ಸ್ವಾಮಿ, ಬರೀ ಭಯ. ಪಕ್ಕದ ಮನೇಲಿ ಕೆಮ್ಮಿದ್ರೆ ಕಿಟಕಿ ಮುಚ್ತೀವಿ. ಮೊಮ್ಮಗಳ ಮುಖ ನೋಡೋಕೂ ಹೋಗಿಲ್ಲ." ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಇಡೀ ಊರಿಗೇ ಇಷ್ಟು ಭಯ ಅಂತ ನಿಮಗೆ ಹೇಗೆ ಗೊತ್ತು?" ದುಭಾಷಿ ಕೇಳಿದಳು.

"ನಮ್ಮನೆಯವಳು ಹೇಳ್ತಾಳಮ್ಮ. ಅವಳು ದಿನಾ ನಿಮ್ಮ ಪತ್ರಿಕೆಗಳು ಬರೆದಿದ್ದನ್ನ ನೋಡೇ ಹೇಳೋದು."