ಮೂರನೇ ಹಾಡಿನ ಕೆಮ್ಮು

ಮುದುಕಿ ಇವತ್ತೂ ಬಂದಿದ್ದಳು. ಎಡಗಡೆಯ ಕೊನೆಯ ಕುರ್ಚಿ, ದೊಡ್ಡ ಸ್ಪೀಕರಿನ ಮಗ್ಗುಲಲ್ಲಿ. ಅಲ್ಲಿ ಕುಳಿತರೆ ಅರ್ಧ ವೇದಿಕೆ ಕಾಣುವುದಿಲ್ಲ. ಆದರೂ ಆಕೆ ಆ ಕುರ್ಚಿಯನ್ನೇ ಕೇಳಿ ಪಡೆಯುತ್ತಿದ್ದಳು. ಮಡಿಲಲ್ಲಿ ಪುಟ್ಟ ನೋಟ್‌ಬುಕ್ಕು, ಬೆರಳಲ್ಲಿ ಪೆನ್ಸಿಲ್ಲು.

ಸಭಾಂಗಣದ ಹಿಂಬದಿಯ ಮೇಜಿನಲ್ಲಿದ್ದ ಸೌಂಡ್ ಆಪರೇಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದು ಒಂಬತ್ತನೆಯ ಭಾನುವಾರ.

ಬ್ಯಾಂಡಿನವರನ್ನು ಬಿಟ್ಟರೆ ಅವನೊಬ್ಬನಿಗೇ ಆ ಗುಟ್ಟು ಗೊತ್ತಿತ್ತು. ಇಷ್ಟು ಹೆಸರಾದ ರಾಕ್ ಬ್ಯಾಂಡಿನ ಮುಖ್ಯ ಗಾಯಕ ಈಗ ಹಾಡುತ್ತಿರಲಿಲ್ಲ, ತುಟಿ ಆಡಿಸುತ್ತಿದ್ದ. ಹೋದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಅವನಿಗೆ ಉಳಿದದ್ದು ಪಿಸುಮಾತು ಮಾತ್ರ. ಜನ ಕೇಳುತ್ತಿದ್ದದ್ದು ಮೊದಲೇ ಮುದ್ರಿಸಿಟ್ಟ ದನಿ.

"ಆಪರೇಷನ್ನಿಗೆ ಮುಂಚೇನೇ ರೆಕಾರ್ಡ್ ಮಾಡಿಸಿಟ್ಟಿದ್ದು," ಎಂದಿದ್ದ ಮ್ಯಾನೇಜರ್. "ಇದು ಹೊರಗೆ ಹೋದ್ರೆ ಬ್ಯಾಂಡೂ ಇಲ್ಲ, ನೀನೂ ಇಲ್ಲ."

ಹೇಳಬೇಕಾಗಿರಲಿಲ್ಲ. ಆ ಗಾಯಕ ಆಪರೇಟರನಿಗೆ ಕಾಲೇಜಿನ ದಿನದಿಂದ ಅಚ್ಚುಮೆಚ್ಚು. ಯಾವ ಬ್ಯಾಂಡಿನ ಗಾಯಕ ದೊಡ್ಡವನು ಎಂಬ ವಾದದಲ್ಲಿ ಜೀವದ ಗೆಳೆಯನ ಜೊತೆ ಮಾತು ಬಿಟ್ಟವನು ಅವನು. ಹೊಸ ಹಾಡುಗಳಲ್ಲಿ ದನಿ ಒಂದಿಷ್ಟು ಗಡುಸಾಗಿದೆ ಎಂದು ಅನ್ನಿಸಿದ್ದುಂಟು. ನೋವುಂಡ ಗಂಟಲು ಮಾಗಿರಬೇಕು ಎಂದುಕೊಂಡಿದ್ದ. ಯಂತ್ರ ಪರೀಕ್ಷಿಸಲು ಹಾಡು ಹಾಕಿದಾಗಲೆಲ್ಲ ಗಾಯಕ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ಕಳೆದುಕೊಂಡದ್ದನ್ನು ಯಾರು ತಾನೇ ಕೂತು ಕೇಳಿಯಾರು?

ಮುದ್ರಣದಲ್ಲಿ ಒಂದೇ ಕುಂದು. ಮೂರನೇ ಹಾಡಿನಲ್ಲಿ, ವಾದ್ಯಗಳೆಲ್ಲ ನಿಂತು ದನಿಯೊಂದೇ ಉಳಿಯುವ ಕಡೆ, ಕೊನೆಯ ಸಾಲಿಗೆ ಮುಂಚೆ ಎರಡು ಸಣ್ಣ ಕೆಮ್ಮು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಬಂದೆ ಎಂದು ತಿಳಿಸುವವರ ಕೆಮ್ಮಿನ ಹಾಗೆ. ಮ್ಯಾನೇಜರ್ ಮೂಲ ಮುದ್ರಣವನ್ನು ತಿದ್ದಲು ಯಾರ ಕೈಗೂ ಕೊಡುತ್ತಿರಲಿಲ್ಲ. ಆದ್ದರಿಂದ ಆ ಜಾಗ ಬಂದಾಗ ಆಪರೇಟರ್ ದನಿಯ ಗುಂಡಿಯನ್ನು ಕೆಳಕ್ಕೆಳೆದು, ಕೆಮ್ಮು ಕಳೆದ ಮೇಲೆ ಮೇಲಕ್ಕೆ ತರುತ್ತಿದ್ದ.

ಒಮ್ಮೆ ಮಾತ್ರ ಕೈ ತಡವಾಯಿತು. ಎಂಟು ವಾರದ ಹಿಂದೆ. ಗಾಯಕ ಬಾಯಿ ಮುಚ್ಚಿ ನಗುತ್ತಿದ್ದ, ಸ್ಪೀಕರು ಕೆಮ್ಮಿತು. ತುಂಬಿದ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಈ ಮುದುಕಿ ಮಾತ್ರ ಎದ್ದು ನಿಂತಳು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ವೇದಿಕೆಯನ್ನು ಬಿಟ್ಟು ಹಿಂದಿನ ಬಾಗಿಲ ಕಡೆ ತಿರುಗಿತು.

ಅಂದಿನಿಂದ ಮುದುಕಿ ಒಂದು ವಾರವೂ ತಪ್ಪಿಸಿರಲಿಲ್ಲ. ಮೂರನೇ ಹಾಡು ಮುಗಿದೊಡನೆ ಏನೋ ಬರೆದುಕೊಂಡು ಎದ್ದು ಹೋಗುತ್ತಿದ್ದಳು.

"ಯಾರು ಆ ಅಜ್ಜಿ?" ಎಂದು ಟಿಕೆಟ್ ಕೊಡುವವಳನ್ನು ಕೇಳಿದ್ದ.

"ಪಾಪ, ಮಗ ತೀರಿಕೊಂಡನಂತೆ ಸಾರ್. ಇಲ್ಲಿ ಬಂದ್ರೆ ಸಮಾಧಾನವಂತೆ." ಆಮೇಲೆ ನಕ್ಕಿದ್ದಳು. "ನಿಮ್ಮ ಹಾಗೇ ಹಾಡಿನ ಹುಚ್ಚು. ಜೋಡಿ ಸಿಕ್ಕಿತು ಬಿಡಿ ನಿಮಗೆ!"

ಆಪರೇಟರ್ ನಗಲಿಲ್ಲ. ಈ ಗುಡುಗು ಸಿಡಿಲಿನಲ್ಲಿ ಸಮಾಧಾನವೇ? ದುಃಖದ ಕಥೆ ಹೇಳಿದರೆ ಯಾವ ಬಾಗಿಲಾದರೂ ತೆರೆಯುತ್ತದೆ. ಪತ್ರಿಕೆಯವರು ಎಂಥ ವೇಷದಲ್ಲಾದರೂ ಬಂದಾರು.

ಇವತ್ತು ಆ ಹುಡುಗಿಯೂ ಜೊತೆಗಿತ್ತು. ಹೊಸ ಲಂಗ ತೊಟ್ಟಿತ್ತು. ಹಾಡು ಶುರುವಾಗಲು ಇನ್ನೂ ಹತ್ತು ನಿಮಿಷ. ಆಪರೇಟರ್ ನೇರ ಹೋಗಿ ಎದುರು ನಿಂತ.

"ಅಮ್ಮಾ, ಆ ಪುಸ್ತಕ ಸ್ವಲ್ಪ ತೋರಿಸಿ."

ಆಕೆ ತಕರಾರಿಲ್ಲದೆ ಕೊಟ್ಟಳು. ಒಂಬತ್ತು ಭಾನುವಾರಗಳ ತಾರೀಖು. ಮೊದಲನೆಯದರ ಮುಂದೆ ಸರಿ ಗುರುತು. ಆಮೇಲಿನ ಏಳರ ಮುಂದೆ ಅಡ್ಡಗೀಟು. ಇವತ್ತಿನದು ಖಾಲಿ.

"ಏನಿದು?"

"ನಿಮಗೆ ಗೊತ್ತಿಲ್ವೇನಪ್ಪ?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ಅವನದಾಯಿತು. "ಯಾವ ಪತ್ರಿಕೆಯವರು ನೀವು?"

"ಪತ್ರಿಕೆ ಓದೋಕೇ ಕಣ್ಣು ಸಾಲದು ನನಗೆ. ಕಿವಿ ಮಾತ್ರ ದೇವರು ಇನ್ನೂ ಚೆನ್ನಾಗಿಟ್ಟಿದ್ದಾನೆ." ಆಕೆ ದನಿ ತಗ್ಗಿಸಿದಳು. "ಮೂರನೇ ಹಾಡಲ್ಲಿ ಯಾಕೆ ಮುಚ್ಚಿಬಿಡ್ತೀರಿ?"

ಅವನು ಆಚೀಚೆ ನೋಡಿದ. "ಏನು ಬೇಕು ನಿಮಗೆ?"

"ಇವತ್ತು ಒಂದು ದಿನ ಮುಚ್ಚಬೇಡಿ. ಈ ಮಗು ಹುಟ್ಟಿದ ದಿನ ಇವತ್ತು."

"ಆಮೇಲೆ ಊರಿಗೆಲ್ಲ ಸಾರಿಬಿಡ್ತೀರಿ, ಅಲ್ವಾ?"

"ಸಾರೋಳಾಗಿದ್ರೆ ಎಂಟು ವಾರ ಸುಮ್ನೆ ಕೂರ್ತಿದ್ನಾ? ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಾಗಿದೆ. ಕೊಟ್ಟ ಮಾತನ್ನ ನಮ್ಮ ಮನೇಲಿ ಯಾರೂ ಮುರಿದೋರಲ್ಲ."

ಯಾರಿಗೆ ಕೊಟ್ಟ ಮಾತು? ಅವನಿಗೆ ಅರ್ಥವಾಗಲಿಲ್ಲ. ಗೋಡೆಯ ಮೇಲಿದ್ದ ಗಾಯಕನ ದೊಡ್ಡ ಚಿತ್ರವನ್ನು ತೋರಿಸಿ, "ಅವರ ಮೇಲೆ ನಿಮಗೇನು ದ್ವೇಷ?" ಎಂದ.

ಮುದುಕಿ ಚಿತ್ರದ ಕಡೆ ನೋಡಲೇ ಇಲ್ಲ. "ದ್ವೇಷ ಯಾಕಪ್ಪ? ಅವನ ಪಾಡು ಅವನಿಗೆ. ಪುಸ್ತಕ ನೀವೇ ಇಟ್ಕೊಳ್ಳಿ."

ದೀಪ ಆರಿತು. ಮೊದಲ ಹಾಡು ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರ ತುದಿಯಲ್ಲಿ ವಾದ್ಯಗಳು ನಿಂತವು. ಆಪರೇಟರನ ಬೆರಳು ಗುಂಡಿಯ ಮೇಲಿತ್ತು. ಬಲೆ ಇರಬಹುದು. ಕತ್ತಲಲ್ಲಿ ಯಾರೋ ಕಾದು ಕೂತಿರಬಹುದು. ಮುಚ್ಚಿದರೆ ಮುದುಕಿ ಮುನಿದು ಬಾಯಿ ಬಿಟ್ಟಾಳು. ಮುಚ್ಚದಿದ್ದರೆ? ದೇವರೇ ಎನ್ನುತ್ತ ಬೆರಳು ತೆಗೆದ.

ಸ್ಪೀಕರು ಎರಡು ಸಲ ಕೆಮ್ಮಿತು. ವೇದಿಕೆಯ ಮೇಲೆ ಗಾಯಕ ಮೆಲ್ಲನೆ ತಲೆ ತಗ್ಗಿಸಿದ.

ಆ ನಿಶ್ಶಬ್ದದಲ್ಲಿ ಹುಡುಗಿ ಕುರ್ಚಿಯ ಮೇಲೆ ಹತ್ತಿ ನಿಂತು, ಹಿಂದಿನ ಬಾಗಿಲ ಕಡೆಗೆ ಎರಡೂ ಕೈ ಚಾಚಿ ಕೂಗಿತು: "ಅಜ್ಜೀ, ಅಪ್ಪ ಬಂದ್ರು!"