ಮೊಳಕೆ ಬಾರ್ಲಿ

ಕೆಂಪಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕುಳಿತು, ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಕಾಳು ಆರಿಸುತ್ತಿದ್ದರು. ಒಂದಿಷ್ಟನ್ನು ಬೆರಳಿನಿಂದ ಈಚೆಗೆ ಎಳೆಯುವುದು, ಹರಡುವುದು, ಆಚೆಗೆ ತಳ್ಳುವುದು. ತಲೆಗೆ ಟವೆಲ್ ಸುತ್ತಿಕೊಂಡು ಸ್ನಾನ ಮುಗಿಸಿ ಬಂದ ಸೊಸೆ ಲಾವಣ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆಯ ಪಕ್ಕದಲ್ಲಿ ಬಾಯಿ ತೆರೆದ ರಟ್ಟಿನ ಪೆಟ್ಟಿಗೆ. ತಟ್ಟೆಯಲ್ಲಿದ್ದುದು ಅವಳ ಬಿಯರಿನ ಬಾರ್ಲಿ.

ಲಾವಣ್ಯಾ ಮನೆಯಲ್ಲಿ ಬಿಯರ್ ಮಾಡುತ್ತಾಳೆಂದು ಅತ್ತೆಗೆ ಹೇಳಿರಲಿಲ್ಲ. ಅವಳ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ತಿಂಗಳಿಗೊಮ್ಮೆ ಹಿಲ್‌ಸೈಡ್ ಅವೆನ್ಯೂದಲ್ಲಿ ಬಸ್ಸು ಹತ್ತಿ ಫ್ರಾಂಕ್ ಎಂಬ ಮುದುಕನ ಅಂಗಡಿಗೆ ಹೋಗುವಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ತಂದು, ಕುದಿಸಿ, ಗಾಜಿನ ಜಾಡಿಯಲ್ಲಿ ಹುದುಗಲು ಇಡುವಳು. ಅವಳು ಕುಡಿಯುತ್ತಿದ್ದುದು ಒಂದು ಚಮಚ, ಹದ ನೋಡಲು. ಉಳಿದದ್ದು ಗಂಡ ಪ್ರೀತಮ್‌ನ ಆಫೀಸಿನವರಿಗೆ. ಈ ದೇಶಕ್ಕೆ ಬಂದಮೇಲೆ ಜನ ಬಾಯಿ ಚಪ್ಪರಿಸಿ “ಯಾರು ಮಾಡಿದ್ದು?” ಎಂದು ಕೇಳಿದ್ದು ಅದೊಂದನ್ನೇ. ಅತ್ತೆ ಬಂದು ಮೂರು ವಾರವಾಗಿತ್ತು. ಇನ್ನೂ ಐದು ತಿಂಗಳು ಇರುವವರು. ಅವರಿಗೆ ಗೊತ್ತಾದರೆ ಜಾಡಿ ಸಮೇತ ಎಲ್ಲ ಕಸದ ಡಬ್ಬಿಗೆ ಎಂದೇ ಅವಳ ಭಯ.

ಅತ್ತೆಯ ಕಣ್ಣು ತಪ್ಪಿಸಿ ಅಂಗಡಿಗೆ ಹೋಗುವುದು ಹೇಗೆಂದು ಕೇಳಿದಾಗ ಪ್ರೀತಮ್ ನಕ್ಕಿದ್ದ. “ಅಂಗಡಿಗೆ ಯಾರು ಹೋಗ್ತಾರೆ ಈಗ? ಆನ್‌ಲೈನ್ ಆರ್ಡರ್ ಮಾಡಿದ್ರೆ ಬಾಗಿಲಿಗೇ ಬರತ್ತೆ. ನೋಡ್ತಿರು, ಇನ್ನು ಐದೇ ವರ್ಷ, ಎರಡು ಸಾವಿರದ ಐದಕ್ಕೆ ಅಂಗಡಿಗಳೇ ಇರಲ್ಲ.” ಮ್ಯಾನ್‌ಹ್ಯಾಟನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸ ಅವನದು. ಬಾಗಿಲಿಗೆ ಬಂದರೆ ತೆಗೆಯುವವರು ಯಾರು ಎಂಬುದೊಂದನ್ನು ಅವನು ಯೋಚಿಸಿರಲಿಲ್ಲ.

ಈಗ ಕಾಫಿ ಲೋಟ ಹಿಡಿದು ಬಂದವನು ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ.

“ಅದೇನವ್ವ?”

“ನಾ ಕೇಳ್ಬೇಕು ಅದ. ಯಾವನೋ ಬಾಗ್ಲಲ್ಲಿ ಇಟ್ಟು, ಬೆಲ್ಲು ಹೊಡ್ದು ಓಡೋದ. ಕದ್ದ ಮಾಲೇನೋ ಅಂದ್ಕಂಡೆ.”

“ಹೆಲ್ತ್ ಫುಡ್ ಅವ್ವ. ಡಾಕ್ಟರ್ ಹೇಳಿದ್ದು. ಫೈಬರ್.”

ಕೆಂಪಮ್ಮ ಪೆಟ್ಟಿಗೆಯೊಳಗೆ ಕೈ ಹಾಕಿ, ಬಿಯರಿಗೆ ಕಹಿ ಕೊಡುವ ಒಣ ಹಸಿರು ಹೂವಿನ ಪೊಟ್ಟಣ ಎತ್ತಿದರು. “ಇದೂ ಫೈಬರ್ರಾ? ಮೂಸಿದ್ರೆ ಕಟ್ಟಿದ ಮೂಗು ಬಿಡ್ತದೆ.”

“ಅದು... ಲಾವಣ್ಯಾ ತಲೆಗೆ ಹಚ್ಕೊಳ್ಳಕ್ಕೆ.”

ಲಾವಣ್ಯಾ ಅವನನ್ನು ದುರುಗುಟ್ಟಿಕೊಂಡು ನೋಡಿದಳು.

ಕೆಂಪಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಮೊಳಕೆ ಬರ್ಸವ್ರೆ. ನಾಲ್ಕು ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿ ಕುಡಿಸಿದೋಳು ನಾನು, ಅಷ್ಟೂ ಗೊತ್ತಾಗಲ್ವಾ? ಆದ್ರೆ ಥಂಡಿ ಎಳ್ಕಂಡದೆ. ಕಟುಮ್ ಅನ್ಬೇಕು, ಇದು ಹಲ್ಲಿಗೆ ಮೆತ್ಕತದೆ. ಬಾಯಿಗೆ ಹಾಕ್ಕಂಡು ನೋಡ್ದೆ ಯಾರಾದ್ರೂ ಕಾಳು ತಗತಾರೇನ್ಲಾ?”

“ನಲವತ್ತು ಜನ ಚೆನ್ನಾಗಿದೆ ಅಂತ ಸ್ಟಾರ್ ಕೊಟ್ಟಿದಾರವ್ವ.”

“ಅಷ್ಟು ಜನಕ್ಕೂ ಹಲ್ಲಿಲ್ವಾ?” ಕೆಂಪಮ್ಮ ತಲೆ ಕೊಡವಿದರು. “ಈ ದೇಸ್ದಲ್ಲಿ ಮಾರೋನ್ಗೂ ಕಾಳು ಗೊತ್ತಿಲ್ಲ, ಕೊಳ್ಳೋನ್ಗೂ ಗೊತ್ತಿಲ್ಲ.”

ಲಾವಣ್ಯಾ ಬಗ್ಗಿ ಒಂದು ಕಾಳು ಕಚ್ಚಿ ನೋಡಿದಳು. ಅತ್ತೆ ಹೇಳಿದ್ದು ನಿಜವಾಗಿತ್ತು. ಆದರೆ ಆ ಕೊನೆಯ ಮಾತನ್ನು ಮಾತ್ರ ಅವಳಿಂದ ತಡೆದುಕೊಳ್ಳಲಾಗಲಿಲ್ಲ.

“ಅಂಗಡೀಲಿ ಹಾಗಲ್ಲ ಅತ್ತೆ. ಫ್ರಾಂಕ್ ತಾನು ಅಗಿದು ನೋಡದೆ ಕೊಡೋದೇ ಇಲ್ಲ. ನಮ್ಮ ಕೈಗೂ ಹಾಕಿ ತಿಂದು ನೋಡಿ ಅಂತಾನೆ. ಒಂದ್ಸಲ ಮೂಟೆ ಬಿಚ್ಚಿ, ಇದು ಬೇಡ, ಮುಂದಿನ ವಾರ ಬಾ ಅಂದ.”

ಮೂರು ವಾರದಲ್ಲಿ ಅವಳು ಅತ್ತೆಯೆದುರು ಒಟ್ಟಿಗೆ ಇಷ್ಟು ಮಾತಾಡಿದ್ದೇ ಇಲ್ಲ. ನಿಲ್ಲಿಸಿದಾಗ ಪ್ರೀತಮ್ ಕಣ್ಣು ಮುಚ್ಚಿಕೊಂಡಿದ್ದ.

“ಯಾವಂಗ್ಡಿ?” ಎಂದರು ಕೆಂಪಮ್ಮ.

“ಫೈಬರ್ ಅಂಗಡಿ ಅವ್ವ...”

“ನೀ ಸುಮ್ಕಿರ್ಲಾ. ನಾನು ಅವಳ್ನ ಕೇಳ್ತಿರೋದು.” ಅವರು ಸೊಸೆಯ ಕಡೆ ತಿರುಗಿದರು. “ನಾ ಮಲಗೋ ರೂಮಿನ ಬಟ್ಟೆ ಗೂಡಲ್ಲಿ ಒಂದು ಜಾಡಿ ರಾತ್ರಿ ಹಗಲೂ ಗುಳುಗುಳು ಅಂತದೆ. ಏನು ಅಂತ ಕೇಳಿದ್ರೆ ಹೀಟರ್ ಪೈಪು ಅಂದ್ರಿ. ಹೂಂ ಅಂದೆ. ಹೀಟರ್ ಪೈಪಿಗೆ ಯಾರಾದ್ರೂ ಕಂಬಳಿ ಹೊದಿಸ್ತಾರೇನವ್ವ?”

ಲಾವಣ್ಯಾಳ ತಲೆಯಿಂದ ಟವೆಲ್ ಜಾರಿ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಕೆಂಪಮ್ಮ ಕಾಳನ್ನೆಲ್ಲ ಚೀಲಕ್ಕೆ ಸುರಿದು ಬಾಯಿ ಗಂಟು ಹಾಕಿ ಮಗನ ಕಡೆ ನೂಕಿದರು. “ಇದ ವಾಪಸ್ ಕಳ್ಸು.”

“ಬಿಚ್ಚಿಬಿಟ್ಟಿದೀಯಲ್ಲವ್ವ, ತಗೊಳಲ್ಲ ಅವ್ರು.”

“ಹಂಗಾರೆ ಹಕ್ಕಿಗೆ ಹಾಕು.”

ಮೊಣಕಾಲಿಗೆ ಕೈಯೂರಿ ಎದ್ದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು, ಸೀರೆಯನ್ನು ಸ್ವಲ್ಪ ಮೇಲೆತ್ತಿ ಮಗನ ಉಣ್ಣೆಯ ಕಾಲುಚೀಲ ಏರಿಸಿಕೊಂಡರು. ಅದರ ಮೇಲೆ ಇನ್ನೊಂದು ಜೊತೆ. ಗಂಡ ಹೆಂಡತಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಆ ಅಂಗ್ಡಿಗೆ ನನ್ನೂ ಕರ್ಕಂಡೋಗವ್ವ,” ಎಂದರು ಕೆಂಪಮ್ಮ. “ಮುಂದಿನ ಜಾಡಿಗೆ ನಾನೇ ಅಗಿದು ನೋಡಿ ಆರಿಸ್ಕೊಡ್ತೀನಿ.”